ಹನ್ನೆರಡನೆಯ ಗೋಲು

ನಮ್ಮ ಟರಬಿನ್ ಊರಿನ ಫುಟ್‌ಬಾಲ್ ತಂಡ ನಲವತ್ತೊಂದು ಅಂಕಗಳಿಂದ ಗೆದ್ದಿತ್ತು. ಸಂಜೆ ಐದೂವರೆಗೆ ಕ್ಲಬ್ಬಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುರಿದ ಈರುಳ್ಳಿ, ಒದ್ದೆ ಕಾಲುಚೀಲ, ಬಿಯರು, ನೋವಿಗೆ ಹಚ್ಚುವ ಎಣ್ಣೆ, ಎಲ್ಲದರ ವಾಸನೆ ಒಂದಾಗಿತ್ತು. ಊರಿಗೆ ಊರೇ ಕುಣಿಯುತ್ತಿರುವಾಗ ನಾನೊಬ್ಬ ಸೋತವನ ಹಾಗೆ ಗೋಡೆಗೆ ಒರಗಿ ನಿಂತಿದ್ದೆ. ಗೋಲ್ ಅಂಪೈರಿನ ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು.

ಬಾರ್ ಕಟ್ಟೆಯ ಮೇಲ್ಗಡೆ ಒಂದು ಗಾಜಿನ ಪೆಟ್ಟಿಗೆಯಿದೆ. ಒಳಗೆ ಮೊಟ್ಟೆಯಾಕಾರದ ಒಂದು ಕೆಂಪು ಚೆಂಡು, ಚರ್ಮವೆಲ್ಲ ಸುಕ್ಕುಗಟ್ಟಿದೆ. ಕೆಳಗೆ ಹಿತ್ತಾಳೆಯ ತಗಡಿನಲ್ಲಿ ನನ್ನ ಹೆಸರು: ನೆವಿಲ್ ಪ್ಯಾಸ್ಕೊ, ಒಂದೇ ಪಂದ್ಯದಲ್ಲಿ ಹನ್ನೊಂದು ಗೋಲು. ಅದಾಗಿ ಇಪ್ಪತ್ತೇಳು ವರ್ಷ. ಆ ಪೆಟ್ಟಿಗೆಯ ಬೀಗದ ಕೈ ನನ್ನ ಟ್ರ್ಯಾಕ್ಟರಿನ ಕೀಲಿಯ ಗೊಂಚಲಿನಲ್ಲೇ ಇದೆ. ನಮ್ಮ ಕ್ಲಬ್ಬಿನ ಪದ್ಧತಿ ಅದು. ದಾಖಲೆ ಯಾರದೋ ಕೀಲಿಯೂ ಅವರದು. ಯಾರಾದರೂ ಅದನ್ನು ಮುರಿದ ದಿನ ಹಳಬನೇ ಎಲ್ಲರೆದುರು ಪೆಟ್ಟಿಗೆ ತೆರೆದು, ತನ್ನ ಚೆಂಡು ಇಳಿಸಿ, ಹೊಸಬನದನ್ನು ಇಟ್ಟು, ಕೀಲಿಯನ್ನು ಅವನ ಕೈಗೆ ಕೊಡಬೇಕು. ಸರಿಗಟ್ಟಿದರೆ ಸಾಲದು, ಮೀರಬೇಕು.

ಆ ಶನಿವಾರ ಕೋಬಿ ಲ್ಯಾಥಮ್ ಹನ್ನೊಂದು ಗೋಲು ಹೊಡೆದಿದ್ದ. ಅವನ ಹನ್ನೆರಡನೆಯ ಒದೆತಕ್ಕೆ ನಾನು ಒಂದೇ ಬಾವುಟ ಬೀಸಿದ್ದೆ.

ಹಳ್ಳಿಯ ಲೀಗಿನಲ್ಲಿ ಗೋಲ್ ಅಂಪೈರನ್ನು ಆಯಾ ಕ್ಲಬ್ಬೇ ಕೊಡಬೇಕು. ನನ್ನ ಮೊಣಕಾಲು ಬೇರೆ ಯಾವ ಕೆಲಸಕ್ಕೂ ಬಾರದಾದ ಮೇಲೆ, ಆರು ವರ್ಷದಿಂದ, ನಮ್ಮ ಕ್ಲಬ್ಬಿಗೆ ನಾನೇ. ಚೆಂಡನ್ನು ಕೈಯಲ್ಲೂ ಹಿಡಿಯಬಹುದಾದ ನಮ್ಮ ಕಡೆಯ ಫುಟ್‌ಬಾಲಿನಲ್ಲಿ, ಎರಡು ಎತ್ತರದ ಕಂಬಗಳ ನಡುವೆ ಒದ್ದ ಚೆಂಡು ಯಾರಿಗೂ ತಾಗದೆ ಹೋದರೆ ಗೋಲು, ಆರು ಅಂಕ, ಎರಡು ಬಾವುಟ. ದಾರಿಯಲ್ಲಿ ಎದುರಾಳಿಯ ಬೆರಳ ತುದಿ ಸೋಕಿದರೂ ಒಂದೇ ಅಂಕ, ಒಂದೇ ಬಾವುಟ. ಕಂಬದ ಬುಡದಲ್ಲಿ ನಿಂತವನ ಮಾತೇ ಕೊನೆಯ ಮಾತು.

ಕೋಬಿಗೆ ಇಪ್ಪತ್ತು ವರ್ಷ. ನಲ್ಲಿ ಪೈಪಿನ ಕೆಲಸ ಕಲಿಯಲು ಈ ವರ್ಷವೇ ನಮ್ಮೂರಿಗೆ ಬಂದವನು. ಏಣಿ ಥರ ಉದ್ದ. ನಾನು ತೊಡುತ್ತಿದ್ದ ಇಪ್ಪತ್ಮೂರನೆಯ ನಂಬರೇ ಅವನ ಬೆನ್ನ ಮೇಲೆ. ಆ ದಿನ ಬೆಳಿಗ್ಗೆ ಹಾಲು ಕರೆದು ಮುಗಿಸಿ ಮನೆಯೊಳಗೆ ಬಂದಾಗ ನನ್ನ ಹೆಣ್ಣುಮಕ್ಕಳಿಬ್ಬರೂ ಕೆನ್ನೆಗೆ ಬಣ್ಣದಲ್ಲಿ 23 ಬರೆದುಕೊಂಡಿದ್ದರು. ಒಂದು ಕ್ಷಣ ನನಗಾಗಿ ಅಂದುಕೊಂಡೆ. ಆಮೇಲೆ ನಕ್ಕೆ. ನಕ್ಕಿದ್ದು ಬಾಯಿ ಮಾತ್ರ.

ಆಟದ ಕೊನೆಯ ಕಾಲುಭಾಗದಲ್ಲಿ ಆ ಹುಡುಗ ಮೂವರ ತಲೆಯ ಮೇಲಿಂದ ಚೆಂಡು ಹಿಡಿದ. ಗೋಲಿಗೆ ಮೂವತ್ತೈದು ಮೀಟರ್. ಓಡಿ ಬಂದು ಒದ್ದ. ಎದುರಾಳಿ ಸ್ಟೋನಿಫೋರ್ಡ್ ತಂಡದಲ್ಲಿ ಕೋಬಿಯನ್ನು ತಡೆಯಲು ನಿಂತಿದ್ದ ವಾರಿಕ್ ಗೋಲಿನ ಗೆರೆಯಲ್ಲಿ ನನ್ನ ಮುಂದೆಯೇ ಕೈ ಚಾಚಿ ಹಾರಿದ. ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಗೋಲಿನ ಖುಷಿಗೆ ಆಗಲೇ ಹಾರ್ನ್ ಹೊಡೆಯಲು ಶುರುಮಾಡಿದ್ದವು. ಮುಖ್ಯ ಅಂಪೈರ್ ದೂರದಿಂದ ನನ್ನತ್ತ ನೋಡಿದ. ನಾನು ಒಂದು ಕೈಯ ಬೆರಳುಗಳ ತುದಿಯನ್ನು ಇನ್ನೊಂದು ಕೈಯಿಂದ ಸವರಿ ತೋರಿಸಿದೆ. ತಾಗಿದೆ ಎಂದು ಅದರ ಅರ್ಥ. ಒಂದೇ ಬೆರಳು ಎತ್ತಿದೆ, ಒಂದೇ ಬಾವುಟ. ಹಾರ್ನುಗಳು ಒಂದೊಂದಾಗಿ ನಿಂತುಹೋದವು. ಕೋಬಿ ಸುಮ್ಮನೆ ಕಾಲುಚೀಲ ಮೇಲಕ್ಕೆಳೆದುಕೊಂಡು ತನ್ನ ಜಾಗಕ್ಕೆ ಹೋದ.

"ಆ ಕೋಟಾದ್ರೂ ಬಿಚ್ಚು ನೆವ್, ಕಟಿಂಗ್ ಅಂಗಡಿಯವ್ನ ಥರ ಕಾಣ್ತೀಯ." ನನ್ನ ಹೆಂಡತಿ ಗ್ಲೆನಿಸ್. ಕ್ಯಾಂಟೀನಿನಿಂದ ಆಚೆ ಬಂದು ಒಂದು ಬಿಸಿ ಮಾಂಸದ ಪೈ ನನ್ನ ಕೈಗಿಟ್ಟಳು. ಆಮೇಲೆ ದನಿ ತಗ್ಗಿಸಿ, "ಆ ಕೊನೇದು ನಿಜವಾಗ್ಲೂ ತಾಗಿತ್ತಾ?" ಎಂದಳು.

"ತಾಗಿತ್ತು. ಉಗುರಿಗೆ ಬಡಿದ ಸದ್ದು ಕೇಳಿಸ್ತು."

"ಅಷ್ಟೊಂದು ಹಾರ್ನ್ ಮಧ್ಯೆ?"

ನಾನು ಪೈ ಕಚ್ಚಿದೆ. ನಾಲಿಗೆ ಸುಟ್ಟಿತು. ಅವಳು ಏಪ್ರನ್ನಿಗೆ ಕೈ ಒರೆಸುತ್ತ ಒಳಗೆ ಹೋದಳು.

ಅಷ್ಟರಲ್ಲಿ ಮಧ್ಯದ ಮೇಜಿನ ಮೇಲೆ ಮುಂದಿನ ಶನಿವಾರದ ಪಂದ್ಯ ಶುರುವಾಗಿತ್ತು. ಮರ್ವ್ ಕ್ವಿಲ್ಟಿ ನಲವತ್ತು ವರ್ಷ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಮುದುಕ, ಈಗಲೂ ದಾಖಲೆ ಪುಸ್ತಕ ಅವನ ಹತ್ತಿರವೇ. ಉಪ್ಪು, ಮೆಣಸು, ಸಾಸಿವೆ, ಎರಡು ಲೋಟ, ಒಂದು ಟೊಮೆಟೊ ಸಾಸ್ ಬಾಟಲಿ, ಎಲ್ಲವನ್ನೂ ಎರಡು ಸಾಲಿನಲ್ಲಿ ಜೋಡಿಸಿದ್ದ. ಅದು ನಮ್ಮ ಫಾರ್ವರ್ಡ್ ಲೈನ್, ಗೋಲು ಹೊಡೆಯುವ ಆರು ಜನ. ಸಾಸ್ ಬಾಟಲಿ ಕೋಬಿ, ಗೋಲಿನ ಬಾಯಲ್ಲೇ ನಿಂತಿತ್ತು.

"ಆರು ಜನಾನ ಯಾಕಪ್ಪಾ ಇಳಿಸೋದು?" ಮರ್ವ್ ಬಾಟಲಿಯ ನೆತ್ತಿ ಕುಟ್ಟಿದ. "ಇವತ್ತು ಐದು ಜನ ನಿಂತ್ಕೊಂಡು ಚಪ್ಪಾಳೆ ತಟ್ಟಿದ್ರು. ಎಲ್ಲಾ ಚೆಂಡೂ ಇವನ ತಲೆ ಮೇಲೆ!"

"ಇವನು ಹಿಡೀತಾನಲ್ಲ, ಅದಕ್ಕೆ ಹಾಕ್ತಾರೆ," ಎಂದಳು ಥೆಲ್ಮಾ. ಗೆದ್ದವರಿಗೆ ಒಂದು ತಟ್ಟೆ ಮಾಂಸ ಸಿಗುವ ಲಾಟರಿಯ ಚೀಟಿಗಳನ್ನು ಪ್ರತಿ ಶನಿವಾರ ಮಾರುವವಳು ಅವಳೇ. "ನಿನ್ನ ಮೊಮ್ಮಗನಿಗೆ ಹಾಕಿದ್ರೆ ಪಾಪ ಎರಡೂ ಕೈಯಲ್ಲಿ ಬೀಳಿಸ್ತಾನೆ."

"ನನ್ನ ಮೊಮ್ಮಗನ ಸುದ್ದಿ ಬೇಡ!"

"ಉಪ್ಪಿನ ಡಬ್ಬಿ ಅವನೇ ತಾನೇ? ಅಲ್ಲಿ ನಿಂತಿರೋ ರೀತಿ ನೋಡಿದ್ರೇ ಗೊತ್ತಾಗುತ್ತೆ."

ಎಲ್ಲರೂ ಹೋ ಎಂದು ನಕ್ಕರು. ಕೋಚ್ ರಸ್ ಟಾಪ್ಲಿ ನಗಲಿಲ್ಲ. ವಾರವೆಲ್ಲ ಹಾಲಿನ ಟ್ಯಾಂಕರ್ ಓಡಿಸುವ ಮನುಷ್ಯ, ಅವನಿಗೆ ಮುಂದಿನ ತಿರುವಿನದೇ ಚಿಂತೆ. "ಡನ್‌ರೂಡ್‌ನವರು ಲೀಗಿನ ಪಾಯಿಂಟ್ಸ್ ಟೇಬಲ್ಲಲ್ಲಿ ಮೊದಲನೇ ಜಾಗದಲ್ಲಿದ್ದಾರೆ," ಎಂದ. "ಮುಂದಿನ ಶನಿವಾರ ಇವನೊಬ್ಬನಿಗೆ ಮೂರು ಜನಾನ ಅಂಟಿಸ್ತಾರೆ. ನೆವ್, ನೀನು ಬಾ ಇಲ್ಲಿ. ಆ ಜಾಗದಲ್ಲಿ ಆಡಿದೋನು ನೀನು. ನೀನಾಗಿದ್ರೆ ಏನ್ ಮಾಡ್ತಿದ್ದೆ?"

ದಾರಿ ಬಿಟ್ಟರು. ಎಷ್ಟು ವರ್ಷದ ಮೇಲೆ ಈ ಕೋಣೆಯಲ್ಲಿ ನನಗೆ ದಾರಿ ಬಿಟ್ಟಿದ್ದರು! ನಾನು ಮೇಜಿನ ಹತ್ತಿರ ಹೋಗಿ ಸಾಸ್ ಬಾಟಲಿಯ ಕುತ್ತಿಗೆ ಹಿಡಿದು ಗೋಲಿನ ಬಾಯಿಂದ ದೂರ, ಹೊರಗಿನ ಸಾಲಿಗೆ ಎಳೆದೆ.

"ಇಲ್ಲಿ ಇಡು. ನಲವತ್ತೈವತ್ತು ಮೀಟರ್ ಆಚೆ. ಅವನು ಹೊರಗೆ ಓಡಿದ್ರೆ ಆ ಮೂರು ಜನಾನೂ ಅವನ ಹಿಂದೇನೇ ಓಡ್ತಾರೆ. ಗೋಲಿನ ಮುಂದೆ ಬಯಲು. ಅಲ್ಲಿ ಸಣ್ಣವರು ನುಗ್ಗಲಿ. ಮರ್ವ್ ಮೊಮ್ಮಗನೂ ಒಂದೆರಡು ಹೊಡೀತಾನೆ."

ಮಾತು ಚೆನ್ನಾಗಿ ಬಂತು. ನಾಲ್ಕಾರು ತಲೆಗಳು ಅಲ್ಲಾಡಿದವು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಹಾಗೆ ಆಡಿ ಗೆದ್ದ ತಂಡಗಳಿವೆ. ಆದರೆ ಅಷ್ಟು ದೂರದಲ್ಲಿ ಆಡುವವನು ಒಂದು ಪಂದ್ಯದಲ್ಲಿ ಎರಡು, ಹೆಚ್ಚೆಂದರೆ ಮೂರು ಗೋಲು ಹೊಡೆಯುತ್ತಾನೆ. ಹನ್ನೆರಡು ಎಂದಿಗೂ ಇಲ್ಲ. ಬಾಯಿ ತಂಡದ ಮಾತಾಡುತ್ತಿತ್ತು, ಕಣ್ಣು ಗಾಜಿನ ಪೆಟ್ಟಿಗೆಯ ಮೇಲಿತ್ತು.

"ಹನ್ನೊಂದು ಹೊಡ್ದೋನನ್ನ ಯಾರಾದ್ರೂ ಆಚೆ ಓಡಿಸ್ತಾರಾ?" ಥೆಲ್ಮಾ ಸೊಂಟದ ಮೇಲೆ ಕೈಯಿಟ್ಟಳು. "ಹೊಟ್ಟೆಕಿಚ್ಚು ಕಣಪ್ಪ ನಿಂಗೆ. ಈರುಳ್ಳಿಗಿಂತ ಜೋರಾಗಿ ವಾಸನೆ ಬರ್ತಿದೆ."

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಆಗಲೇ ಕೋಬಿ ಸ್ನಾನ ಮುಗಿಸಿ, ಭುಜಕ್ಕೆ ಐಸಿನ ಚೀಲ ಕಟ್ಟಿಕೊಂಡು ಬಂದ. ಹೆಗಲು ತಟ್ಟುವವರು, ತಲೆಗೂದಲು ಕೆದರುವವರು. ನನ್ನ ಚಿಕ್ಕ ಮಗಳು ಅವನಿಂದ ಟೋಪಿಗೆ ಸಹಿ ಹಾಕಿಸಿಕೊಂಡಳು. ರಸ್ ಕೇಳಿದ, "ನೋಡಪ್ಪಾ, ನೆವ್ ನಿನ್ನನ್ನ ಹೊರಗಿನ ಸಾಲಿಗೆ ಹಾಕು ಅಂತಿದ್ದಾನೆ. ನೀನೇನಂತೀಯ?"

ಅವನು ಮೇಜಿನ ಮೇಲಿದ್ದ ಬಾಟಲಿ ನೋಡಿದ, ನನ್ನನ್ನು ನೋಡಿದ. "ಮಿಸ್ಟರ್ ಪ್ಯಾಸ್ಕೊ ಹೇಳಿದ್ರೆ ಸರಿಯಾಗೇ ಇರುತ್ತೆ. ಆ ಜಾಗ ಅವರಷ್ಟು ಯಾರಿಗೆ ಗೊತ್ತು?"

ಇಡೀ ಊರಿನಲ್ಲಿ ನನ್ನನ್ನು ಮಿಸ್ಟರ್ ಅನ್ನುವವನು ಅವನೊಬ್ಬನೇ. ಒರಟನಾಗಿದ್ದರೆ, ಜಂಬದವನಾಗಿದ್ದರೆ, ಎಷ್ಟು ಸುಲಭವಾಗಿತ್ತು! ಅವನ ವಿನಯ ಕಂಡರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸೋತವರು ಒಂದು ಲೋಟ ಕುಡಿದು ಹೋಗುವುದು ನಮ್ಮ ಕಡೆಯ ರೂಢಿ. ಸ್ಟೋನಿಫೋರ್ಡಿನವರ ಜೊತೆ ವಾರಿಕ್ ಒಳಗೆ ಬಂದ. ದಿನವಿಡೀ ಕೋಬಿಯ ಹಿಂದೆ ಓಡಿ ಹೈರಾಣಾಗಿದ್ದ. ಥೆಲ್ಮಾ ಬಿಡುತ್ತಾಳೆಯೇ? "ಏನಪ್ಪಾ ವಾರಿಕ್, ಹನ್ನೆರಡನೇದು ನಿನ್ನ ಕೈಗೆ ತಾಗಿತ್ತಾ, ಇಲ್ಲ ನಮ್ಮ ನೆವ್‌ಗೆ ಕನ್ನಡಕ ಬೇಕಾ?"

ವಾರಿಕ್ ಬಲಗೈಯ ನಡುಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿದ. "ಈ ಉಗುರು ನೋಡು! ಇನ್ನೂ ಉರೀತಿದೆ. ಎಷ್ಟು ಕೊಟ್ರೂ ಮಾರಲ್ಲ."

ಕೋಣೆ ನಗೆಯಿಂದ ತುಂಬಿತು. ನನ್ನ ಎದೆಯಿಂದ ಒಂದು ಚಪ್ಪಡಿ ಕಲ್ಲು ಸರಿದ ಹಾಗಾಯಿತು. ತಾಗಿತ್ತು. ಸದ್ದು ಕೇಳಿಸಿತ್ತು. ಕ್ಯಾಂಟೀನ್ ಕಿಟಕಿಯಲ್ಲಿದ್ದ ಗ್ಲೆನಿಸ್ ಕಡೆ ನೋಡಿ ಹುಬ್ಬು ಹಾರಿಸಿದೆ. ಈಗ ಏನಂತೀ? ಅವಳು ತಟ್ಟೆ ಒರೆಸುತ್ತಲೇ ಇದ್ದಳು. ಕೊನೆಗೂ ಕೋಟು ಬಿಚ್ಚಿದೆ. ಒಂದು ಬಿಯರ್ ತೆಗೆದುಕೊಂಡೆ. ಅದರ ರುಚಿ ಇವತ್ತಿಗೂ ನೆನಪಿದೆ.

ಅರ್ಧ ಲೋಟ ಖಾಲಿಯಾದ ಮೇಲೆ ಹಿಂದಿನ ಶೌಚಾಲಯಕ್ಕೆ ಹೋದೆ. ಪಕ್ಕಕ್ಕೆ ವಾರಿಕ್ ಬಂದು ನಿಂತ. ಗೋಡೆ ನೋಡುತ್ತಲೇ ಹೇಳಿದ:

"ಬದುಕಿಸಿಬಿಟ್ಟೆ ಗುರು. ಹನ್ನೆರಡು ಹೊಡೆಸ್ಕೊಂಡೋನು ಅಂತ ಸಾಯೋವರೆಗೂ ಅಂತಿದ್ರು ನಮ್ಮೂರಲ್ಲಿ. ನಮ್ಮಪ್ಪ ಮನೆ ಒಳಗೆ ಸೇರಿಸ್ತಿರಲಿಲ್ಲ."

"ಯಾಕೆ, ತಾಗಿತ್ತಲ್ಲ?"

ಅವನು ನನ್ನತ್ತ ತಿರುಗಿ, ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡು ನಕ್ಕ. "ಎಲ್ಲಿ ತಾಗೋದು? ನನ್ನ ಕೈಗೂ ಚೆಂಡಿಗೂ ಮಧ್ಯೆ ಒಂದು ಕುರಿ ಹೋಗಬಹುದಿತ್ತು. ನೀನು ಕಣ್ಮುಂದೇನೇ ಇದ್ಯಲ್ಲ ಮಾರಾಯ!"

ಕೈ ತೊಳೆದು ಹೋದ. ನಾನು ನಲ್ಲಿ ತಿರುಗಿಸಿ ಹಾಗೇ ನಿಂತೆ. ಕಣ್ಮುಂದೆಯೇ ಇದ್ದೆ, ನಿಜ. ಕೈ ಮತ್ತು ಚೆಂಡಿನ ನಡುವೆ ನಾನು ಕಂಡಿದ್ದು ಆಕಾಶ. ಅದನ್ನು ಕಂಡೂ ಬೆರಳು ಸವರಿದ್ದೆ. ಸದ್ದನ್ನು ಆಮೇಲೆ ಸೇರಿಸಿಕೊಂಡಿದ್ದೆ.

ಒಳಗೆ ಬಂದಾಗ ಲಾಟರಿ ಎತ್ತುತ್ತಿದ್ದರು. ಮಾಂಸದ ತಟ್ಟೆ ಮರ್ವ್‌ಗೆ ಬಂದಿತ್ತು, ಥೆಲ್ಮಾ ಮೋಸ ಮಾಡಿದಳೆಂದು ಕೂಗಾಟ ನಡೆದಿತ್ತು. ಮೇಜಿನ ಮೇಲೆ ಸಾಸ್ ಬಾಟಲಿ ನಾನಿಟ್ಟಲ್ಲೇ, ಹೊರಗಿನ ಸಾಲಿನಲ್ಲಿ, ಒಂಟಿಯಾಗಿ ನಿಂತಿತ್ತು. ಸುಮ್ಮನೆ ಇದ್ದರೂ ಆಗುತ್ತಿತ್ತು. ವಾರಿಕ್ ಬಾಯಿ ಬಿಡುತ್ತಿರಲಿಲ್ಲ. ಆದರೆ ಮುಂದಿನ ಶನಿವಾರವೂ ಆ ಎರಡು ಬಾವುಟಗಳನ್ನು ನನ್ನ ಕೈಗೇ ಕೊಡುತ್ತಾರೆ. ಹುಡುಗ ಮತ್ತೆ ಒದೆಯುತ್ತಾನೆ. ಮತ್ತೆ ನನಗೆ ಏನು ಕೇಳಿಸುತ್ತದೋ ಎಂದು ಭಯವಾಯಿತು.

ಬಾಟಲಿಯನ್ನು ಎತ್ತಿ ಗೋಲಿನ ಬಾಯಲ್ಲಿ ಇಟ್ಟೆ. "ರಸ್, ಇವನು ಇಲ್ಲೇ ಇರಲಿ. ನಾನು ಹೇಳಿದ್ದು ತಂಡಕ್ಕಾಗಿ ಅಲ್ಲ."

"ಮತ್ತೆ?"

ಗೊಂಚಲಿನಿಂದ ಗಾಜಿನ ಪೆಟ್ಟಿಗೆಯ ಆ ಸಣ್ಣ ಕೀಲಿಯನ್ನು ಬಿಡಿಸಲು ಹೊರಟೆ. ಇಪ್ಪತ್ತೇಳು ವರ್ಷದಿಂದ ಬಿಡಿಸದ ಗೊಂಚಲಿನ ಬಳೆ, ಉಗುರು ಮುರಿಯಿತು. ಒಬ್ಬೊಬ್ಬರಾಗಿ ಎಲ್ಲರೂ ನನ್ನತ್ತ ತಿರುಗಿದರು. ಕೀಲಿಯನ್ನು ಕೋಬಿಯ ಮುಂದೆ ಇಟ್ಟೆ. "ಅದು ಗೋಲು. ತಾಗಿರಲಿಲ್ಲ. ನಾನು ನೋಡಿದ್ದೆ."

ವಾರಿಕ್ ತನ್ನ ಬೆರಳನ್ನು ಜೇಬಿಗೆ ಇಳಿಸಿದ.

"ನಂಗೊತ್ತಿತ್ತು," ಎಂದ ಕೋಬಿ. ಈ ಸಲ ಮಿಸ್ಟರ್ ಅನ್ನಲಿಲ್ಲ.

"ಗೊತ್ತಿದ್ರೆ ಯಾಕೆ ಸುಮ್ನಿದ್ದೆ?"

"ಗೋಲ್ ಅಂಪೈರ್ ಹತ್ರ ಯಾರು ಜಗಳ ಆಡ್ತಾರೆ? ಅಂಪೈರ್‌ಗಳಿಗೆ ತಪ್ಪಾಗುತ್ತೆ ಅಂದ್ಕೊಂಡೆ." ಕೀಲಿಯನ್ನೇ ನೋಡುತ್ತ, "ತಪ್ಪು ಅಂತಾನೇ ಅಂದ್ಕೊಂಡಿದ್ದೆ," ಎಂದ.

ಮರ್ವ್ ಕೆಮ್ಮಿದ. ಮಾಂಸದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಾರ್ಯದರ್ಶಿಯ ಹಳೆಯ ದನಿ ತೆಗೆದ. "ಸ್ಕೋರ್ ಕಾರ್ಡಿಗೆ ಎರಡೂ ಕಡೆಯವರ ಸಹಿ ಬಿದ್ದಾಗಿದೆ. ಪುಸ್ತಕದಲ್ಲಿ ಹನ್ನೊಂದು. ಹನ್ನೊಂದೇ ಇರುತ್ತೆ. ನಾಳೆ ನೀನು ಬಂದು ಅತ್ತರೂ ನಾನು ತಿದ್ದಲ್ಲ. ಕೀಲಿ ನಿಂದೇ ನೆವ್, ಎತ್ಕೋ."

"ಇವನಿಗೆ ಕೊಡೋಕೂ ಆಗಲ್ವಾ?"

"ಕೊಡೋಕೆ ನೀನ್ಯಾರು? ಮುರಿದೋನಿಗೆ ಮಾತ್ರ."

ಕೋಬಿ ಒಂದೇ ಬೆರಳಿನಿಂದ ಕೀಲಿಯನ್ನು ನನ್ನ ಕಡೆಗೆ ತಳ್ಳಿದ. "ಶನಿವಾರ ತಗೋತೀನಿ. ಕಂಬದ ಹತ್ರ ನೀವೇ ಇರಿ."

"ನಾನಾ? ಬೇರೆ ಯಾರಾದ್ರೂ..."

"ನೀವೇ ಇರಬೇಕು," ಎಂದ. ಅದು ವಿನಯವಾಗಿರಲಿಲ್ಲ.

ರಸ್ ತಲೆಯಾಡಿಸಿದ. ಥೆಲ್ಮಾ ನನ್ನನ್ನು ನೋಡದೆ ಖಾಲಿ ಲೋಟಗಳನ್ನು ಎತ್ತತೊಡಗಿದಳು.

ಗ್ಲೆನಿಸ್ ಮಕ್ಕಳನ್ನು ಕರೆದುಕೊಂಡು ಕಾರಿನ ಹತ್ತಿರ ಬಂದಳು. ನನ್ನ ಬಿಳಿ ಕೋಟು ಅವಳ ತೋಳಿನ ಮೇಲಿತ್ತು. "ಒಗೆದು ಇಸ್ತ್ರಿ ಮಾಡ್ತೀನಿ," ಎಂದಳು, "ಶನಿವಾರಕ್ಕೆ." ಹಿಂದಿನ ಸೀಟಿನಲ್ಲಿ ಚಿಕ್ಕವಳು ಸಹಿಯಿದ್ದ ಟೋಪಿಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕುಳಿತಿದ್ದಳು, ನನ್ನ ಕಣ್ಣಿಗೆ ಬೀಳದಂತೆ.

ಕಾರು ಶುರುಮಾಡುವ ಮುಂಚೆ ಪಶ್ಚಿಮದ ಕಡೆ ನೋಡಿದೆ. ಗುಡ್ಡದ ಆಚೆ ಮೋಡ ಕಟ್ಟುತ್ತಿತ್ತು. ಒಂದು ವಾರ ಬಿಡದೆ ಮಳೆ ಸುರಿದರೆ ಮೈದಾನ ಕೆಸರಾಗುತ್ತದೆ, ಚೆಂಡು ಸೋಪಿನ ಹಾಗೆ ಜಾರುತ್ತದೆ, ಎಷ್ಟೇ ಉದ್ದದ ಹುಡುಗನಾದರೂ ಮೂರೋ ನಾಲ್ಕೋ ಗೋಲಿಗಿಂತ ಹೆಚ್ಚು ಹೊಡೆಯಲಾರ.

"ಏನು ನೋಡ್ತಿದ್ದೀಯ?" ಎಂದಳು ಗ್ಲೆನಿಸ್.

"ಮಳೆ ಬರೋ ಹಾಗಿದೆ," ಎಂದೆ. "ಹುಲ್ಲಿಗೆ ಒಳ್ಳೇದು."