ಬಿಳಿ ಮಾತ್ರೆ, ಒಣಮಾಂಸ

ತೂಕದ ಯಂತ್ರದ ಮೇಲೆ ಹತ್ತಿ ಉಯಾಂಗಾ ಉಸಿರು ಬಿಗಿಹಿಡಿದಳು. ಐವತ್ನಾಲ್ಕು ಕಿಲೋಗೆ ನೂರು ಗ್ರಾಂ ಕಡಿಮೆ. ಏಷ್ಯಾ ಕೂಟದ ಆಯ್ಕೆ ಪಂದ್ಯಕ್ಕೆ ಇನ್ನು ಮೂರೂವರೆ ವಾರ ಇತ್ತು. ಅಷ್ಟರೊಳಗೆ ಐವತ್ತೆರಡಕ್ಕೆ ಇಳಿಯಬೇಕು, ತೋಳಿನ ಬಲ ಮಾತ್ರ ಒಂದು ಎಳೆಯಷ್ಟೂ ಇಳಿಯಬಾರದು. ಕಿಟಕಿಯಾಚೆ ತೂಲ್ ನದಿ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಮಾರ್ಚ್ ತಿಂಗಳ ಗಾಳಿ ಒಣಮಣ್ಣನ್ನು ಎತ್ತಿ ಗಾಜಿಗೆ ಎರಚುತ್ತಿತ್ತು.

"ಇಳಿ," ಎಂದ ಚೊಯ್ಜಿಲ್. ಶಿಬಿರದ ಜೂಡೋ ತರಬೇತುದಾರ ಅವನು, ಐವತ್ತರ ಆಸುಪಾಸಿನವನು, ಹಳೆಯ ಕುಸ್ತಿಯಲ್ಲಿ ಕಿವಿ ಜಜ್ಜಿಹೋಗಿ ಗಂಟಾಗಿದ್ದವು. "ಡೆಲ್ಗೆರ್, ನೀನು ಹತ್ತು."

ಡೆಲ್ಗೆರ್ ಉಯಾಂಗಾಳ ಕೋಣೆಯ ಗೆಳತಿ. ಅವಳದ್ದೂ ಐವತ್ತೆರಡು ಕಿಲೋ ವರ್ಗವೇ. ಇಬ್ಬರಲ್ಲಿ ಒಬ್ಬಳಿಗೆ ಮಾತ್ರ ವಿಮಾನದ ಟಿಕೆಟ್ಟು. ಆದರೂ ಎರಡು ವರ್ಷದಿಂದ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಬಟ್ಟಲಲ್ಲಿ ಚಹಾ ಕುಡಿದು, ಮ್ಯಾಟಿನ ಮೇಲೆ ದಿನಕ್ಕೆ ಇಪ್ಪತ್ತು ಸಲ ಒಬ್ಬರನ್ನೊಬ್ಬರು ಎತ್ತಿ ಒಗೆದವರು.

ತೂಕ ಮುಗಿದ ಮೇಲೆ ಚೊಯ್ಜಿಲ್ ಇಬ್ಬರನ್ನೇ ನಿಲ್ಲಿಸಿಕೊಂಡು ಜೇಬಿನಿಂದ ಚಹಾಪುಡಿಯ ಹಳೇ ಡಬ್ಬಿ ತೆಗೆದು ಒಂದೊಂದು ಬಿಳಿ ಮಾತ್ರೆ ಅಂಗೈಗೆ ಹಾಕಿದ. ಮೂರು ದಿನದಿಂದ ಹೀಗೆ ನಡೆದಿತ್ತು. ಕೊಬ್ಬು ಕರಗಿಸಿ ಮಾಂಸಖಂಡ ಉಳಿಸುತ್ತದೆ ಎಂದಷ್ಟೇ ಹೇಳಿದ್ದ.

ಉಯಾಂಗಾ ಮೊದಲೆರಡು ದಿನ ನುಂಗಿದ್ದಳು. ಎರಡನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾಗಲೇ ಎದೆ ಓಟದ ಕುದುರೆಯಂತೆ ಬಡಿಯತೊಡಗಿತ್ತು. ಬಟ್ಟಲು ಹಿಡಿದ ಕೈ ನಡುಗಿ ಚಹಾ ಮೊಣಕಾಲಿಗೆ ಚೆಲ್ಲಿತ್ತು.

"ಮೇಷ್ಟ್ರೇ, ಇದರ ಹೆಸರೇನು?" ಎಂದು ಕೇಳಿಯೇಬಿಟ್ಟಳು.

ಚೊಯ್ಜಿಲ್ ನಕ್ಕ. "ಹುಲ್ಲು ಯಾವ ಗುಡ್ಡದ್ದು ಅಂತ ಕುದುರೆ ಕೇಳುತ್ತಾ? ಹಾಕ್ದಷ್ಟು ತಿನ್ನು, ಓಡು."

ಅವಳು ಮಾತ್ರೆಯನ್ನು ನಾಲಿಗೆಯಡಿ ಒತ್ತಿಕೊಂಡು ನೀರು ಕುಡಿದಳು. ಶೌಚದ ಗುಡಿಸಲಿನ ಹಿಂದೆ ಹೋಗಿ ಉಗುಳಿ, ಕಾಗದದಲ್ಲಿ ಸುತ್ತಿ ಹಾಸಿಗೆಯಡಿ ಇಟ್ಟಳು. ಬಿಸಾಡಲು ಧೈರ್ಯ ಬರಲಿಲ್ಲ. ಯಾರಾದರೂ ನೋಡಿದರೆ ಎಂಬ ಭಯ ಒಂದು ಕಡೆ. ತಾನು ತಪ್ಪು ತಿಳಿದಿದ್ದರೆ, ನಿಜಕ್ಕೂ ಅದು ಬರೀ ಶಕ್ತಿಮಾತ್ರೆಯೇ ಆಗಿದ್ದರೆ ಎಂಬ ಅಳುಕು ಇನ್ನೊಂದು ಕಡೆ.

ಮಾತ್ರೆ ಬಿಟ್ಟದ್ದಾಯಿತು, ಬಲಕ್ಕೆ ಏನು ತಿನ್ನುವುದು? ಶಿಬಿರದ ಊಟ ಅಳತೆಯದು. ಮೂಲೆಯಂಗಡಿಯಲ್ಲಿ ಸಿಗುತ್ತಿದ್ದ ಪ್ರೋಟೀನ್ ಬಿಸ್ಕತ್ತಿನಲ್ಲಿ ಸಕ್ಕರೆಯೇ ಹೆಚ್ಚು. ಕುರಿಮಾಂಸ ತಿಂದರೆ ಕೊಬ್ಬು, ಮೊಸರು ಕುಡಿದರೆ ನೀರಿನ ತೂಕ. ಆ ಸಂಜೆ ಅವಳು ಬುಲ್ಗನ್ ಸೀಮೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಈ ಸಲದ ಬೋರ್ಟ್ಸ್ ಒಣಗಿದೆಯಾ?"

"ಚಳಿಗಾಲದಲ್ಲಿ ಕಡಿದ ಎತ್ತಿಂದು ತಾನೇ? ಕಟ್ಟಿಗೆ ಥರ ಒಣಗಿದೆ. ಯಾಕೆ, ಪಟ್ಟಣದ ಊಟ ಸೇರ್ತಿಲ್ವಾ?"

"ಸ್ವಲ್ಪ ಕಳಿಸು. ಕೊಬ್ಬಿನ ಎಳೆ ಒಂಚೂರೂ ಇರ್ಬಾರ್ದು."

"ಕೊಬ್ಬು ಬಿಟ್ಟು ಮಾಂಸ ತಿನ್ನೋರು ರೋಗಿಗಳು ಕಣೇ. ಹುಷಾರಾಗಿದೀಯಾ ತಾನೇ?"

"ಹುಷಾರಾಗಿದೀನಿ."

ಫೋನ್ ಮಾಡಿದ ನಾಲ್ಕನೆಯ ದಿನ ಬಸ್ಸಿನ ಚಾಲಕನ ಕೈಯಲ್ಲಿ ದಪ್ಪಬಟ್ಟೆಯ ಚೀಲ ಬಂತು. ಒಳಗೆ ಬೋರ್ಟ್ಸ್: ಗೂಡಾರದ ಸೂರಿನಡಿ ಹಗ್ಗಕ್ಕೆ ನೇತುಹಾಕಿ ಮೂರು ತಿಂಗಳು ಚಳಿಗೇ ಒಣಗಿದ ದನದ ಮಾಂಸದ ಪಟ್ಟಿಗಳು, ಕಂದು ಬಣ್ಣದವು, ಬೆರಳಿಗಿಂತ ದಪ್ಪ, ಗರಿಯಷ್ಟು ಹಗುರ. ಅಮ್ಮ ಕೂತು ಒಂದೊಂದರಿಂದಲೂ ಕೊಬ್ಬು ಕೆರೆದು ತೆಗೆದಿದ್ದಳು. ಚಾಕುವಿನ ಗೀರು ಕಾಣುತ್ತಿತ್ತು.

ಉಯಾಂಗಾ ಚೀಲವನ್ನು ಅಡುಗೆಮನೆಗೆ ಒಯ್ದಳು. ಅಡುಗೆಯ ಪಗ್ಮಕ್ಕ ಒಂದು ಪಟ್ಟಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದಳು. ಮಾಂಸ ನಾರುನಾರಾಗಿ, ಹತ್ತಿಯಂತೆ ಅರಳಿತು.

"ಇದೊಂದು ಹಿಡಿ ಅಂದ್ರೆ ಹಸಿಮಾಂಸ ಒಂದು ತಟ್ಟೆ," ಎಂದಳು ಪಗ್ಮಕ್ಕ. "ನಮ್ಮಪ್ಪ ಒಂಟೆ ಸಾಲಿನ ಜೊತೆ ಹೋಗುವಾಗ ಇಡೀ ಎತ್ತನ್ನ ಒಂದು ಚೀಲದಲ್ಲಿ ತುಂಬ್ಕೊಂಡು ಹೋಗ್ತಿದ್ದ. ಆದ್ರೆ ಏನೇ, ಮೇಷ್ಟ್ರು ಹೊರಗಿನ ತಿಂಡಿ ಬೇಡ ಅಂದಿಲ್ವಾ?"

"ಹೇಳ್ಬೇಡಕ್ಕಾ."

ಪಗ್ಮಕ್ಕ ಅವಳ ಮುಖವನ್ನೇ ನೋಡಿದಳು. "ಆ ಡಬ್ಬಿಯಿಂದ ಅವ್ನು ಕೊಡೋದನ್ನ ನಾನೂ ನೋಡಿದೀನಿ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಮತ್ತೆ ಸುತ್ತಿಗೆ ಎತ್ತಿದಳು.

ಅಂದಿನಿಂದ ಬೆಳಿಗ್ಗೆ ಬಿಸಿನೀರಿನಲ್ಲಿ ಒಂದು ಹಿಡಿ ಪುಡಿ. ಎರಡು ಅಭ್ಯಾಸಗಳ ನಡುವೆ ಜೇಬಿನಿಂದ ಒಂದು ಚೂರು. ಬಾಯಿಗಿಟ್ಟರೆ ಮೊದಲು ಸಿಬಿರಿನಂತೆ ಒಸಡಿಗೆ ಚುಚ್ಚುತ್ತಿತ್ತು; ಎಂಜಲು ಕೂಡಿದಂತೆ ಮೆತ್ತಗಾಗಿ, ಹೊಗೆ ಮತ್ತು ಹುಲ್ಲಿನ ವಾಸನೆ ಬಿಟ್ಟುಕೊಂಡು, ಕಾಲು ಗಂಟೆ ಅಗಿದರೂ ಮುಗಿಯುತ್ತಿರಲಿಲ್ಲ. ಹಸಿವು ಅಡಗುತ್ತಿತ್ತು. ವಾರದ ಕೊನೆಗೆ ತೂಕ ಆರು ನೂರು ಗ್ರಾಂ ಇಳಿಯಿತು, ಹಗ್ಗ ಹತ್ತುವಾಗ ತೋಳು ಮೊದಲಿನ ಹಾಗೇ ಎಳೆಯಿತು.

ಡೆಲ್ಗೆರ್ ಆ ವಾರದಲ್ಲೇ ಒಂದೂವರೆ ಕಿಲೋ ಇಳಿದಿದ್ದಳು. ಕೆನ್ನೆ ಒಳಸರಿದಿತ್ತು, ಕಣ್ಣು ಹೊಳೆಯುತ್ತಿತ್ತು. ಒಂದು ಮಧ್ಯಾಹ್ನ ಉಯಾಂಗಾಳ ದವಡೆ ಆಡುವುದನ್ನು ನೋಡಿ ಅವಳಿಗೆ ನಗು ಬಂತು.

"ಏನೇ ಅದು, ಬೂಟಿನ ಅಟ್ಟೆ ತಿಂತಿದೀಯಾ?"

"ಬೋರ್ಟ್ಸ್. ಬೇಕಾ?"

"ಅಯ್ಯೋ, ಬೇಡಪ್ಪ. ನಮ್ಮಜ್ಜನ ಕಾಲದ ಸಿಪಾಯಿ ಥರ ಆಡ್ಬೇಡ. ಮೇಷ್ಟ್ರ ಮಾತ್ರೆ ತಗೊಂಡ್ಮೇಲೆ ನಂಗೆ ಹಸಿವೇ ಇಲ್ಲ." ಹಾಗೆ ಹೇಳುತ್ತ ಅವಳು ಚಾಚಿದ ಕೈಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ರಾತ್ರಿ ನಿದ್ದೆ ಮಾತ್ರ ಬರಲ್ಲ. ನಿಂಗೆ?"

ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ನುಂಗುತ್ತಿಲ್ಲ, ನೀನೂ ನಿಲ್ಲಿಸು, ಇದು ಒಳ್ಳೆಯದಲ್ಲ ಎನ್ನಲು ನಾಲ್ಕು ಮಾತು ಸಾಕಿತ್ತು. ಆ ಮಾತು ಗಂಟಲಿನವರೆಗೆ ಬಂದದ್ದೂ ನಿಜ. ಅಷ್ಟರಲ್ಲೇ ಇನ್ನೊಂದು ಯೋಚನೆ ಅದನ್ನು ದಾಟಿ ಬಂತು: ಇವಳ ನಡುಕ ಹೆಚ್ಚಾದರೆ, ಪಂದ್ಯದ ದಿನ ಇವಳೇ ಕುಸಿದರೆ, ಟಿಕೆಟ್ಟು ನನ್ನದು.

"ನಂಗೂ ಅಷ್ಟೇ," ಎಂದಳು ಉಯಾಂಗಾ.

ಆ ಮಾತು ಆಡಿದ ಮೇಲೆ ಬಾಯಲ್ಲಿದ್ದ ಚೂರನ್ನು ಅಗಿಯಲಾಗದೆ, ಉಗುಳಲೂ ಆಗದೆ ಹಾಗೇ ಕೂತಳು.

ಪಂದ್ಯಕ್ಕೆ ಆರು ದಿನ ಇದ್ದಾಗ ಚೊಯ್ಜಿಲ್ ಕೋಣೆಗಳನ್ನು ಶೋಧಿಸಿದ. ಯಾರೋ ಸಿಹಿ ಬಚ್ಚಿಟ್ಟಿದ್ದಾರೆ ಎಂಬ ಗುಮಾನಿಯಂತೆ. ಉಯಾಂಗಾ ಅಭ್ಯಾಸ ಮುಗಿಸಿ ಬಂದಾಗ ಅವಳ ಹಾಸಿಗೆ ಮಗುಚಿಬಿದ್ದಿತ್ತು. ಚೊಯ್ಜಿಲ್ ಮಂಚದ ಅಂಚಿನಲ್ಲಿ ಕೂತಿದ್ದ. ಒಂದು ತೊಡೆಯ ಮೇಲೆ ಬೋರ್ಟ್ಸ್ ಚೀಲ, ಇನ್ನೊಂದರ ಮೇಲೆ ಬಿಚ್ಚಿದ ಕಾಗದ. ಕಾಗದದಲ್ಲಿ ಹದಿನೆಂಟು ಮಾತ್ರೆ.

"ಬಾಗಿಲು ಹಾಕು."

ಅವಳು ಹಾಕಿದಳು.

"ನನ್ನ ಕಣ್ಣೆದುರೇ ನುಂಗಿದ ಹಾಗೆ ನಟನೆ. ಚೆನ್ನಾಗಿ ಕಲಿತಿದೀಯ." ಅವನ ದನಿ ಏರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. "ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಡೆಲ್ಗೆರ್‌ಗೆ?"

"ಇಲ್ಲ ಮೇಷ್ಟ್ರೇ."

ಅವನು ಅವಳ ಕಣ್ಣಿನಲ್ಲಿ ಏನನ್ನೋ ಹುಡುಕಿದ; ಸಿಕ್ಕಿದಂತೆ ತಲೆಯಾಡಿಸಿದ. "ಹೌದು, ಹೇಳಿರಲ್ಲ. ನೀನೂ ಗೆಲ್ಲೋಕೇ ಬಂದೋಳು." ಕಾಗದವನ್ನು ಮಡಚಿ ಜೇಬಿಗಿಟ್ಟ. "ಕೇಳಿಸ್ಕೋ. ಮಾತ್ರೆ ಸಿಕ್ಕಿದ್ದು ನಿನ್ನ ಹಾಸಿಗೆ ಕೆಳಗೆ. ಹೊರಗೆ ಬಾಯಿಬಿಟ್ರೆ ಯಾರದು ಅಂತ ಕೇಳ್ತಾರೆ. ಆಗ ನಾನೇನು ಹೇಳ್ಬೇಕಾಗುತ್ತೆ ಅಂತ ನೀನೇ ಯೋಚ್ನೆ ಮಾಡು."

ಹೋಗುವಾಗ ಚೀಲವನ್ನೂ ಒಯ್ದ. ಅಡುಗೆಮನೆಯ ಒಲೆಯ ಬಾಗಿಲು ತೆರೆದು ಒಳಗೆ ಎಸೆದ. ಪಗ್ಮಕ್ಕ ಸೌಟು ಹಿಡಿದು ನಿಂತೇ ಇದ್ದಳು. ಸುಟ್ಟ ಮಾಂಸದ ವಾಸನೆ ಮೊಗಸಾಲೆಯ ಉದ್ದಕ್ಕೂ ಹರಡಿತು. ಹುಡುಗಿಯರು ಬಾಗಿಲಿಂದ ಇಣುಕಿ, ಇವತ್ತು ಊಟಕ್ಕೆ ಏನೆಂದು ಕೇಳಿದರು.

ಉಳಿದ ದಿನಗಳನ್ನು ಉಯಾಂಗಾ ಕೆಂಡದ ಮೇಲೆ ನಿಂತಂತೆ ಕಳೆದಳು. ಪಗ್ಮಕ್ಕ ತಟ್ಟೆಗೆ ಯಾರಿಗೂ ಕಾಣದಂತೆ ಎರಡು ಮೊಟ್ಟೆಯ ಬಿಳಿ ಹೆಚ್ಚಿಗೆ ಹಾಕುತ್ತಿದ್ದಳು. ಪಂದ್ಯಕ್ಕೆ ಐದು ದಿನ ಇದ್ದಾಗ ಚೊಯ್ಜಿಲ್ ಡಬ್ಬಿ ತರುವುದನ್ನು ನಿಲ್ಲಿಸಿದ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳದಿರಲು ಅಷ್ಟು ಬಿಡುವು ಸಾಕೆಂದು ಅವನ ಲೆಕ್ಕ.

ಆಯ್ಕೆಯ ದಿನ ಇಬ್ಬರೂ ಐವತ್ತೆರಡಕ್ಕೆ ಸರಿಯಾಗಿ ತೂಗಿದರು. ಇಬ್ಬರೂ ಕೊನೆಯ ಪಂದ್ಯದವರೆಗೆ ಬಂದರು. ನಾಲ್ಕು ನಿಮಿಷದ ಪಂದ್ಯದಲ್ಲಿ ಮೂರು ನಿಮಿಷ ಯಾರೂ ಯಾರನ್ನೂ ಕೆಡವಲಿಲ್ಲ. ಆಮೇಲೆ ಡೆಲ್ಗೆರ್ ಅವಳ ಕಾಲರಿನೊಳಗೆ ಕೈ ಹೊಗಿಸಿ, ಸೊಂಟ ತಿರುಗಿಸಿ, ಎರಡು ವರ್ಷದಲ್ಲಿ ಸಾವಿರಾರು ಸಲ ಎತ್ತಿದ್ದ ಹಾಗೇ ಎತ್ತಿ ಒಗೆದಳು. ಉಯಾಂಗಾಳ ಬೆನ್ನು ಮ್ಯಾಟಿಗೆ ಬಡಿಯಿತು. ಎದ್ದಾಗ ಡೆಲ್ಗೆರ್ ಅವಳನ್ನು ತಬ್ಬಿಕೊಂಡು ಅಳುತ್ತಿದ್ದಳು.

"ಮುಂದಿನ ಸಲ ನೀನು," ಎಂದಳು ಕಿವಿಯಲ್ಲಿ. "ಸತ್ಯವಾಗ್ಲೂ."

ಮೂತ್ರದ ಮಾದರಿಗೆ ಇಬ್ಬರನ್ನೂ ಕರೆದರು. ಕಾಯುವ ಬೆಂಚಿನ ಮೇಲೆ ಡೆಲ್ಗೆರ್ ನೀರು ಕುಡಿಯುತ್ತ, ವಿಮಾನದಲ್ಲಿ ಕಿಟಕಿಯ ಪಕ್ಕ ಕೂರಲು ಮೊದಲೇ ಹೇಳಬೇಕೇ ಎಂದು ಕೇಳುತ್ತಿದ್ದಳು. ಉಯಾಂಗಾ ಗೊತ್ತಿಲ್ಲ ಎಂದಳು. ಒಳಗೆ ಹೋಗುವ ಗೆಳತಿಯ ಬೆನ್ನನ್ನು ನೋಡುತ್ತ, ಈಗ ಕೂಗಿ ಕರೆದರೂ ಪ್ರಯೋಜನವಿಲ್ಲ ಎಂದು ಅರಿತಳು.

ಎರಡು ವಾರದ ಮೇಲೆ ಫಲಿತಾಂಶ ಬಂತು. ಡೆಲ್ಗೆರ್‌ಳ ಮಾದರಿಯಲ್ಲಿ ನಿಷೇಧಿತ ಮದ್ದು. ಉಯಾಂಗಾಳದು ಸ್ವಚ್ಛ. ಹಾಗಾಗಿ ಕೂಟಕ್ಕೆ ಹೋಗುವವಳು ಉಯಾಂಗಾ.

ಸುದ್ದಿ ಉಯಾಂಗಾಳಿಗೆ ಮುಟ್ಟುವ ಹೊತ್ತಿಗಾಗಲೇ ಡೆಲ್ಗೆರ್ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಹೋಗಿದ್ದಳು. ಹುಡುಗಿ ತಾನಾಗಿಯೇ ಎಲ್ಲಿಂದಲೋ ತಂದು ತಿಂದಿದ್ದಾಳೆ, ತನಗೆ ನಾಚಿಕೆಯಾಗುತ್ತಿದೆ ಎಂದು ಚೊಯ್ಜಿಲ್ ಪತ್ರ ಬರೆದುಕೊಟ್ಟಿದ್ದ. ಉಯಾಂಗಾಳನ್ನು ಕರೆದು ಭುಜ ತಟ್ಟಿದ.

"ನಾಳೆ ವಿಚಾರಣೆ. ನಿನ್ನನ್ನ ಯಾರೂ ಕರೆಯಲ್ಲ. ಸುಮ್ನೆ ಅಭ್ಯಾಸ ಮಾಡು."

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅಕ್ಕಾ, ನಾನು ವಿಚಾರಣೆಗೆ ಹೋಗ್ತಿದೀನಿ. ನೀನು ನೋಡಿದ್ದನ್ನ ಹೇಳ್ತೀಯಾ?"

ಪಗ್ಮಕ್ಕ ಒಲೆಯ ಮೇಲಿನ ಹಂಡೆಯನ್ನು ಇಳಿಸಿದಳು. "ಮಧ್ಯಾಹ್ನದ ಅಡುಗೆ ಅವ್ನೇ ಮಾಡ್ಕೊಳ್ಲಿ," ಎಂದು ಮೇಲಂಗಿ ತೊಟ್ಟುಕೊಂಡಳು.

ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು. ನಡುವೆ ಕೂತ ಹೆಂಗಸು ವೈದ್ಯೆ. ಡೆಲ್ಗೆರ್ ಕಿಟಕಿಯ ಬಳಿ, ಅಣ್ಣನ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದಳು. ಉಯಾಂಗಾ ನಿಂತೇ ಹೇಳಿದಳು: ಡಬ್ಬಿ, ಮಾತ್ರೆ, ಎದೆಬಡಿತ, ಹಾಸಿಗೆಯಡಿಯ ಕಾಗದ, ಒಲೆಗೆ ಬಿದ್ದ ಚೀಲ.

"ಮಾತ್ರೆ ಇಲ್ದೆ ತೂಕ ಇಳಿಸಿ ಬಲ ಹೇಗಮ್ಮ ಉಳಿಸ್ಕೊಂಡೆ?" ವೈದ್ಯೆ ಕೇಳಿದಳು.

"ಬೋರ್ಟ್ಸ್ ತಿಂದೆ. ನಮ್ಮ ಎತ್ತಿಂದು."

ಪಕ್ಕದವನ ಮುಖದಲ್ಲಿ ನಗೆ ಮೂಡಿ ಮರೆಯಾಯಿತು. ವೈದ್ಯೆ ನಗಲಿಲ್ಲ. "ನೀನು ಎಷ್ಟು ದಿನ ನುಂಗಿದೆ?"

ಮಾದರಿ ಸ್ವಚ್ಛವಾಗಿಯೇ ಬಂದಿತ್ತು. ಇಲ್ಲ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಎರಡು ದಿನ," ಎಂದಳು. ಆಮೇಲೆ, ಯಾರೂ ಕೇಳದಿದ್ದರೂ ಹೇಳಿದಳು: "ಡೆಲ್ಗೆರ್‌ಗೆ ಗೊತ್ತಿರ್ಲಿಲ್ಲ. ನನಗೆ ಅನುಮಾನ ಇತ್ತು. ಅವಳು ಕೇಳಿದಾಗ ನಾನು ಸುಳ್ಳು ಹೇಳ್ದೆ."

ಕಿಟಕಿಯ ಬಳಿ ಡೆಲ್ಗೆರ್ ಮೊದಲ ಸಲ ತಲೆ ಎತ್ತಿದಳು.

ಪಗ್ಮಕ್ಕ ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ತಿಂಗಳೊಳಗೆ ಚೊಯ್ಜಿಲ್‌ನನ್ನು ತರಬೇತಿಯಿಂದ ಶಾಶ್ವತವಾಗಿ ತೆಗೆದರು. ಡೆಲ್ಗೆರ್‌ಳಿಗೆ ಬೀಳಲಿದ್ದ ನಾಲ್ಕು ವರ್ಷದ ನಿಷೇಧ ಎರಡಕ್ಕೆ ಇಳಿಯಿತು. ಒಪ್ಪಿಕೊಂಡ ಎರಡು ಮಾತ್ರೆಗಾಗಿ ಉಯಾಂಗಾಳಿಗೂ ಆರು ತಿಂಗಳು ಬಿತ್ತು. ಕೂಟಕ್ಕೆ ಆಯ್ಕೆಯಲ್ಲಿ ಮೂರನೆಯವಳಾಗಿದ್ದ ದರ್ಖಾನ್ ಊರಿನ ಹುಡುಗಿ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದಳು.

ವಿಚಾರಣೆ ಮುಗಿದ ದಿನ ಹೊರಗೆ ಬಸ್ ನಿಲ್ದಾಣದಲ್ಲಿ ಡೆಲ್ಗೆರ್ ಒಬ್ಬಳೇ ನಿಂತಿದ್ದಳು. ಅಣ್ಣ ಸಿಗರೇಟು ತರಲು ಹೋಗಿದ್ದ. ಉಯಾಂಗಾ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಕೊಂಡಳು.

"ಆವತ್ತು ಕೇಳ್ದೆನಲ್ಲ, ನಿಂಗೂ ನಿದ್ದೆ ಬರಲ್ವಾ ಅಂತ," ಎಂದಳು ಡೆಲ್ಗೆರ್ ರಸ್ತೆಯ ಕಡೆಗೇ ನೋಡುತ್ತ. "ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಸೋಲ್ಲಿ ಅಂತ."

ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು, ಅಣ್ಣ ಓಡಿಬಂದು ಒಳಗೆ ಹತ್ತಿದ.

"ಬೇರೆ ಏನಾದ್ರೂ ನೆಪ ಹೇಳಿದ್ದಿದ್ರೆ ಹೊಡೀತಿದ್ದೆ," ಎಂದು ಡೆಲ್ಗೆರ್ ಮೆಟ್ಟಿಲ ಮೇಲೆ ಕಾಲಿಟ್ಟಳು. ಒಳಗೆ ಹೋಗುವ ಮುನ್ನ ಒಂದು ಗಳಿಗೆ ತಡೆದಳು. "ಫೋನ್ ಮಾಡ್ಬೇಡ. ಮಾಡ್ಬೇಕು ಅನ್ನಿಸ್ದಾಗ ನಾನೇ ಮಾಡ್ತೀನಿ."

ಬಸ್ಸು ಹೊರಟಿತು. ಉಯಾಂಗಾ ಫೋನನ್ನು ಮೇಲಂಗಿಯ ಒಳಜೇಬಿಗೆ, ಗಂಟೆ ಹೊಡೆದರೆ ಗೊತ್ತಾಗುವ ಕಡೆ ಇಟ್ಟುಕೊಂಡು, ಪಗ್ಮಕ್ಕ ಕಾಯುತ್ತಿದ್ದ ತಿರುವಿನ ಕಡೆಗೆ ನಡೆದಳು.