ನೀಲಮ್ಮನ ಚಪ್ಪಲಿ ಕೋಟೆ ಹತ್ತಿದ್ದು

ನಾನು ಅಥಣಿಯ ಒಂದು ಜೊತೆ ಚಪ್ಪಲಿ. ನೋಡುವವರಿಗೆ ನಾವು ಇಬ್ಬರು. ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಬಾಳಿಲ್ಲವಾದ್ದರಿಂದ ‘ನಾನು’ ಎಂದೇ ಹೇಳಿಕೊಳ್ಳುತ್ತೇನೆ.

ಜಾಲಿಯ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ನೆನೆದು ಹದವಾದ ಚರ್ಮ ನನ್ನದು. ಅಟ್ಟೆಯನ್ನು ಕತ್ತರಿಸಿದವನು ದುಂಡಪ್ಪ. ಬಾರುಗಳನ್ನು ಹೆಣೆದು ಹೊಲಿದವಳು ಅವನ ಹೆಂಡತಿ ಸಾವಂತ್ರವ್ವ. ಹೊಲಿಯುವಾಗ ಅವಳು ಎಳೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ನಾನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಆ ಹಲ್ಲುಗಳೇ.

ನನ್ನನ್ನು ಕೊಂಡವರು ಗೋಕಾಕದ ನೀಲಮ್ಮ. ಬಂಧುಗಳ ಮದುವೆಗೆಂದು ಗಂಡನ ಜೊತೆ ಅಥಣಿಗೆ ಬಂದಿದ್ದರು. ಅಂಗಡಿಯಲ್ಲಿ ಕೂತು ಒಂದೊಂದೇ ಜೊತೆಯನ್ನು ಮೆಟ್ಟಿ, ನಾಲ್ಕು ಹೆಜ್ಜೆ ನಡೆದು, ಕಿವಿ ಕೊಟ್ಟು ಕೇಳಿ ತೆಗೆದಿಡುತ್ತಿದ್ದರು.

“ಕಿರ್ರ್ ಅನ್ನೂದು ಬ್ಯಾಡವ್ವ” ಎಂದರು.

ಸಾವಂತ್ರವ್ವ ನಕ್ಕಳು. “ಅಕ್ಕಾರ, ಕಿರ್ರ್ ಅನ್ನಲಿಲ್ಲಂದ್ರ ಅಥಣಿ ಚಪ್ಪಲಿ ಅಂತ ಯಾರ ನಂಬತಾರ್ರಿ?”

“ನಂಬೂದು ಬ್ಯಾಡ. ನಾ ಜಪಾನಕ್ಕ ಹೊಂಟೀನಿ. ಅಲ್ಲಿ ಮಂದಿ ಸದ್ದ ಮಾಡೂದಿಲ್ಲಂತ.”

ಅವರ ಗಂಡ ಚನ್ನಮಲ್ಲಪ್ಪನವರು ಬಾಗಿಲಲ್ಲಿ ನಿಂತಿದ್ದರು. “ಇನ್ನೂ ಪಾಸ್‌ಪೋರ್ಟ್ ಬಂದಿಲ್ಲ, ಆಗಲೇ ಊರಿಗೆಲ್ಲ ಡಂಗುರ ಸಾರಾಕ್ಹತ್ಯಾಳ” ಎಂದರು. ಸದ್ದು ಮಾಡದ ಜೊತೆ ನಾನೊಬ್ಬನೇ ಇದ್ದೆ. ಹಾಗೆ ಅವರ ಪಾಲಾದೆ.

ಜಪಾನಿನ ಹುಚ್ಚು ನೀಲಮ್ಮನಿಗೆ ಹತ್ತಿದ್ದು ಒಂದು ಆಟದಿಂದ. ಅವರ ಬೆರಳುಗಳು ಬಿಗಿಯಾಗತೊಡಗಿದಾಗ, ಕೈಗೆ ಕೆಲಸವಿರಲಿ ಎಂದು ಮಗಳು ಶಶಿಕಲಾ ಒಂದು ಡಬ್ಬಿ ತಂದುಕೊಟ್ಟಿದ್ದಳು. ಅದರ ತುಂಬ ಚಿತ್ರದ ಚೂರುಗಳು. ದಿನಾ ಅಡಿಗೆಯಾದ ಮೇಲೆ ಕೂತು ಜೋಡಿಸಿದರು. ಕೊನೆಗೆ ಊಟದ ಮೇಜಿನ ಮೇಲೆ ಒಂದು ಬಿಳಿಯ ಕೋಟೆ ಎದ್ದು ನಿಂತಿತು. ಹಿಮೇಜಿ ಎಂಬ ಊರಿನ ಕೋಟೆ. ಮಾಡಿನ ಮೇಲೆ ಮಾಡು, ತುತ್ತತುದಿಯಲ್ಲಿ ಸಾಲು ಕಿಟಕಿ. “ಅಲ್ರೀ, ಆ ಮ್ಯಾಲಿನ ಕಿಡಕ್ಯಾಗ ನಿಂತ್ರ ಏನ ಕಾಣತೈತಿ?” ಎಂದು ಗಂಡನನ್ನು ಕೇಳಿದರು. ಸಕ್ಕರೆ ಕಾರ್ಖಾನೆಯಲ್ಲಿ ಜೀವಮಾನವಿಡೀ ಕಬ್ಬಿನ ಗಾಡಿ ತೂಗಿದ ಚನ್ನಮಲ್ಲಪ್ಪನವರು ಶ್ರೀಶೈಲದಿಂದ ಆಚೆಗೆ ಹೋದವರಲ್ಲ. ಆದರೂ “ಹೋಗಿ ನೋಡೂಣು ತಗೋ” ಎಂದುಬಿಟ್ಟರು.

ಆ ಕೋಟೆಯ ಮೆಟ್ಟಿಲು ಬಹಳ ಕಡಿದು ಎಂದು ಯಾರೋ ಹೇಳಿದ್ದರು. ಅದಕ್ಕಾಗಿ ನೀಲಮ್ಮ ಸಂಜೆಗೊಮ್ಮೆ ನನ್ನನ್ನು ಮೆಟ್ಟಿಕೊಂಡು ಮಾಳಿಗೆಯ ಹೊರಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದರು. ಒಂದು ಕೈ ಗೋಡೆಗೆ, ಇನ್ನೊಂದು ಮಂಡಿಗೆ. ನಾನಿನ್ನೂ ಗಡುಸಾಗಿದ್ದೆ. ಹೆಬ್ಬೆರಳಿನ ಹತ್ತಿರ ಕಚ್ಚುತ್ತಿದ್ದೆ. ಅವರು ಹರಳೆಣ್ಣೆ ಸವರಿ, “ಇಷ್ಟ ಸಿಟ್ಟ ಯಾಕ ಮಾರಾಯಾ?” ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಮೆತ್ತಗಾಗುವ ಮೊದಲೇ, ಒಂದು ಬೆಳಗ್ಗೆ, ಚಹಾದ ಕಪ್ಪು ಕೈಯಲ್ಲಿರುವಾಗಲೇ ನೀಲಮ್ಮ ಲಿಂಗೈಕ್ಯರಾದರು. ನಾನು ಮೆಟ್ಟಿಲ ಬುಡದಲ್ಲಿ ಅವರು ಬಿಟ್ಟಂತೆಯೇ ಇದ್ದೆ. ಬಂದವರ ಪಾದಗಳು ನನ್ನ ಸುತ್ತ ತುಂಬಿದವು, ಮತ್ತೆ ಖಾಲಿಯಾದವು.

ಪಕ್ಕದ ಮನೆಯ ಗೌರಕ್ಕ ನನ್ನನ್ನು ಕಂಡು ಮುಖ ಕಿವುಚಿದಳು. “ಹೋದವರ ಮೆಟ್ಟು ಬಾಗಿಲದಾಗ ಇಡಬಾರದೋ ಚನ್ನಮಲ್ಲಪ್ಪ. ಜೀವಾ ಅದನ್ನ ಹುಡುಕ್ಕೊಂಡ ತಿರುಗಿ ತಿರುಗಿ ಬರತೈತಿ.”

“ಬರಲಿ ಬಿಡ” ಎಂದರು ಅವರು.

ಹಾಗೆಂದರೂ ಆ ಮಾತು ಅವರನ್ನು ಕೊರೆಯಿತು. ಹೆಂಡತಿ ತಿರುಗಿ ಬಂದರೆ ಅವರಿಗೇನೂ ಭಯವಿರಲಿಲ್ಲ. ಆದರೆ ಶಿವನ ಪಾದ ಸೇರಬೇಕಾದವಳು ಈ ಬಾಗಿಲಲ್ಲೇ ಸಿಕ್ಕಿಬಿದ್ದರೆ? ಬೆಳಗ್ಗೆ ಲಿಂಗಪೂಜೆಗೆ ಕೂತಾಗಲೂ ಅವರ ಕಣ್ಣು ನನ್ನ ಕಡೆಗೆ ಬರುತ್ತಿತ್ತು. ಬಡವರಿಗೆ ಕೊಡೋಣವೆಂದರೆ ಕೈ ಏಳಲಿಲ್ಲ. ಎಸೆಯುವ ಮಾತೇ ಇಲ್ಲ. ಗುಂಪಿನ ಜೊತೆ ಮೊದಲೇ ಗೊತ್ತುಮಾಡಿದ್ದ ಜಪಾನ್ ಪ್ರವಾಸದ ದಿನ ಹತ್ತಿರ ಬಂದಾಗ ಮಗಳಿಗೆ ಹೇಳಿದರು:

“ನಾ ಹೋಗತೇನವಾ. ಇವನ್ನ ಆ ಕೋಟ್ಯಾಗ ಬಿಟ್ಟ ಬರತೇನಿ. ಅಕಿ ನೋಡಬೇಕಂದದ್ದ ನೋಡಿ, ಅಲ್ಲಿಂದ ಹಂಗ ಹೋಗ್ಲಿ.”

ಶಶಿಕಲಾ ಒಂದು ಟವೆಲು ತಂದು ಅವರ ಕೈಗಿತ್ತಳು. “ಬಿಡೂದಾದ್ರ ಬಿಟ್ಟ ಬಾಪಾ. ಅರ್ಧಾ ಬಿಟ್ಟ ಬರಬ್ಯಾಡ” ಎಂದಳು.

ಹೀಗೆ ನಾನು ಟವೆಲಿನಲ್ಲಿ ಸುತ್ತಿಕೊಂಡು ವಿಮಾನ ಹತ್ತಿದೆ.

ಒಸಾಕಾ ಪಟ್ಟಣದಲ್ಲಿ ಒಂದು ದಿನ ಪ್ರವಾಸದ ಮಂದಿಯೆಲ್ಲ ಆಟದ ಉದ್ಯಾನಕ್ಕೆ ಹೊರಟರು. ಚನ್ನಮಲ್ಲಪ್ಪನವರು ಒಬ್ಬರೇ ಹಿಮೇಜಿಗೆ ಹೋಗುವುದೆಂದು ನಿಶ್ಚಯವಾಯಿತು. ತಿಂಡಿಯ ಹೊತ್ತಿನಲ್ಲಿ ಚೀಲದ ಬಾಯಿ ತೆರೆದಿತ್ತು. ಅದೇ ಗುಂಪಿನಲ್ಲಿ ಬಂದಿದ್ದ ಗದಗಿನ ಎಣ್ಣೆ ವ್ಯಾಪಾರಿ ಗುರುಪಾದಪ್ಪ ಬಗ್ಗಿ ನೋಡಿದ.

“ಅಲ್ರೀ ಯಜಮಾನರ, ಹೆಂಗಸರ ಚಪ್ಪಲಿ! ಯಾರನ್ನ ನೋಡಾಕ ಹೊಂಟೀರಿ?”

“ನಮ್ಮ ಮನ್ಯಾಕೀನ ಕರಕೊಂಡ ಹೊಂಟೇನ್ರಿ” ಎಂದರು ಇವರು, ಚೀಲ ಮುಚ್ಚುತ್ತ.

ಗುರುಪಾದಪ್ಪನ ನಗು ಅರ್ಧಕ್ಕೇ ನಿಂತಿತು. ಅವನು ಎದ್ದು ಹೋಗಿ ಎರಡು ಬಾಳೆಹಣ್ಣು ತಂದು ಚೀಲದೊಳಗೆ, ನನ್ನ ಪಕ್ಕದಲ್ಲಿ ಇಟ್ಟ. “ದಾರ್‍ಯಾಗ ತಿನ್ರಿ” ಎಂದ.

ರೈಲಿನಲ್ಲಿ ಯಾರೂ ಮಾತಾಡಲಿಲ್ಲ. ಹಿಮೇಜಿಯಲ್ಲಿ ಇಳಿದೊಡನೆ ನೇರವಾದ ಅಗಲ ರಸ್ತೆ, ಅದರ ತುದಿಗೆ ಗುಡ್ಡದ ಮೇಲೆ ಬಿಳಿಯ ಕೋಟೆ. ಚನ್ನಮಲ್ಲಪ್ಪನವರು ನನ್ನನ್ನು ಹೊರತೆಗೆದು ಎದೆಯ ಮಟ್ಟಕ್ಕೆ ಹಿಡಿದರು. “ನೋಡ” ಎಂದರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಮನೆಯಲ್ಲಿ ಹೀಗೆ ಹೆಂಡತಿಯೊಡನೆ ಗಟ್ಟಿಯಾಗಿ ಮಾತಾಡಿದರೆ ಮಗಳು ಗಾಬರಿಯಾಗುತ್ತಿದ್ದಳು. ಇಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. “ಎಷ್ಟ ಸ್ವಚ್ಛ ಐತಿ ನೋಡ ರಸ್ತೆ. ಇಲ್ಲಿ ಎಲಿ ಅಡಕಿ ಹಾಕ್ಕೊಂಡ್ರ ಎಲ್ಲಿ ಉಗಳತಿದ್ದಿ ನೀ? ಈಗ ಗೊತ್ತಾತೇನು, ಬಿಡ ಬಿಡ ಅಂತ ಯಾಕ ಹೇಳತಿದ್ದೆ?” ಎದುರು ಬಂದವರು ನಮಗೆ ದಾರಿ ಬಿಟ್ಟು ತಲೆಬಾಗಿ ಸಾಗಿದರು.

ಕೋಟೆಯ ಮುಖ್ಯ ಗೋಪುರದ ಬಾಗಿಲಲ್ಲಿ ಎಲ್ಲರೂ ಕಾಲ್ಮೆಟ್ಟು ಕಳಚುತ್ತಿದ್ದರು. ಅದನ್ನು ಕಂಡು ಚನ್ನಮಲ್ಲಪ್ಪನವರಿಗೆ ಮನೆಗೆ ಬಂದಷ್ಟು ನೆಮ್ಮದಿಯಾಯಿತು. ತಮ್ಮ ಕ್ಯಾನ್ವಾಸ್ ಬೂಟನ್ನು ಬಿಚ್ಚಿ ಗುಡಿಯ ಮುಂದೆ ಬಿಡುವಂತೆ ಒಂದು ಮೂಲೆಯಲ್ಲಿ ಬಿಟ್ಟರು. ನನ್ನನ್ನು ಅದರ ಪಕ್ಕಕ್ಕೆ ಇಟ್ಟರು. ಇದೇ ತಕ್ಕ ಜಾಗವೆನಿಸಿತೋ ಏನೋ, ಒಂದು ಕ್ಷಣ ಕಣ್ಣು ಮುಚ್ಚಿ ನಿಂತು, ಹಿಂತಿರುಗಿ ನೋಡದೆ ಒಳಗೆ ಹೊರಟರು.

ಆದರೆ ಅಲ್ಲಿಯ ಪದ್ಧತಿ ಬೇರೆ. ಹೊರಬರುವ ದಾರಿ ಇನ್ನೊಂದು ಕಡೆಗಿರುವುದರಿಂದ ಕಾಲ್ಮೆಟ್ಟನ್ನು ಯಾರೂ ಬಿಟ್ಟು ಹೋಗುವುದಿಲ್ಲ, ಚೀಲದಲ್ಲಿ ಹಾಕಿ ಕೈಯಲ್ಲೇ ಹಿಡಿದು ಹತ್ತುತ್ತಾರೆ. ಬಾಗಿಲಲ್ಲಿದ್ದ ಹೆಂಗಸು ಲಗುಬಗೆಯಿಂದ ಬಂದು ಬೂಟನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೂ ನನ್ನನ್ನು ಇನ್ನೊಂದಕ್ಕೂ ಹಾಕಿ ಅವರ ಕೈಗಿತ್ತಳು. ಒಳಗಡೆ ಮೆಟ್ಟು ನೆಲಕ್ಕೆ ತಾಗಕೂಡದು ಎಂದು ಕೈಸನ್ನೆಯಲ್ಲಿ ತಿಳಿಸಿದಳು.

“ಮೆಟ್ಟು ಕೈಯಾಗ ಹಿಡಕೊಂಡ ಒಳಗ ಹೋಗೂದೇನವಾ?” ಎಂದರು ಇವರು. ಅವಳು ನಕ್ಕು ಮೆಟ್ಟಿಲು ತೋರಿಸಿದಳು.

ನಾನು ಹುಟ್ಟಿದ್ದು ಬಾಗಿಲ ಹೊರಗೇ ಉಳಿಯುವುದಕ್ಕೆ. ಯಾವ ಮನೆಯ ಹೊಸ್ತಿಲನ್ನೂ ದಾಟಿದವನಲ್ಲ. ಅಂದು ಅರಸರ ಮನೆಯೊಳಗೆ, ಮನುಷ್ಯನ ಮೊಣಕೈಯ ಎತ್ತರದಲ್ಲಿ ಸಾಗಿದೆ. ಚೀಲದ ಒಳಗಿನಿಂದ ಎಲ್ಲ ಮಸುಕು ಮಸುಕಾಗಿ ಕಾಣುತ್ತಿತ್ತು. ಸವೆದು ಹೊಳೆಯುವ ಕರಿಯ ಹಲಗೆಗಳು, ತಬ್ಬಿದರೆ ತೋಳಿಗೆ ಸಿಗದಂಥ ಕಂಬಗಳು, ಗೋಡೆಯುದ್ದಕ್ಕೂ ಈಟಿ ಕೋವಿಗಳನ್ನು ತೂಗುಹಾಕುತ್ತಿದ್ದ ಗೂಟಗಳು. ಮೆಟ್ಟಿಲು ಏಣಿಯಂತೆ ಕಡಿದಾಗಿತ್ತು. ಚನ್ನಮಲ್ಲಪ್ಪನವರು ಚೀಲಗಳನ್ನು ಮುಂಗೈಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಕಟಕಟೆ ಹಿಡಿದು ಹತ್ತಿದರು. “ಸಾವಕಾಶ, ಸಾವಕಾಶ” ಎನ್ನುತ್ತಿದ್ದರು. ಅದು ತಮಗೆ ಹೇಳಿಕೊಂಡ ಮಾತಲ್ಲ.

ಮೇಲಿನ ಅಂತಸ್ತಿನಲ್ಲಿ ಕಿಟಕಿಗೆ ನನ್ನನ್ನು ಎತ್ತಿ ಹಿಡಿದರು. “ನೋಡ, ಏನ ಕಾಣತೈತಿ ಅಂತ ಕೇಳಿದ್ದ್ಯಲ್ಲ. ಮಾಡಿನ ತುದೀಗೆ ಮೀನಿನ ಗೊಂಬಿ ಕೂಡಿಸ್ಯಾರ. ಅದರ ಆಚೀಗೆ ನಾವು ನಡಕೊಂಡ ಬಂದ ರಸ್ತೆ. ಮಂದಿ ಮನಿ. ಅರಿವಿ ಒಣಹಾಕ್ಯಾರ.” ದನಿ ಸಣ್ಣದಾಯಿತು. “ಇಷ್ಟ ಐತಿ ನೋಡ. ನಮ್ಮ ಮಾಳಗಿ ಮ್ಯಾಲಿಂದನೂ ಇಷ್ಟ ಕಾಣತಿತ್ತು.”

ಅದೇ ಅಂತಸ್ತಿನ ಒಂದು ಬದಿಗೆ ಪುಟ್ಟ ಗುಡಿಯಿತ್ತು. ಜನ ಅದರ ಮುಂದೆ ಬಾಗಿ, ಚಪ್ಪಾಳೆ ತಟ್ಟಿ, ಕೈಮುಗಿಯುತ್ತಿದ್ದರು. ಎಲ್ಲರ ಬಳಿಯೂ ಮೆಟ್ಟಿನ ಚೀಲ. ಚನ್ನಮಲ್ಲಪ್ಪನವರು ಬಹಳ ಹೊತ್ತು ದೂರ ನಿಂತರು. ದೇವರ ಮುಂದೆ ಮೆಟ್ಟು ಹಿಡಿದು ನಿಲ್ಲುವ ಪಾಪವನ್ನು ಅವರ ವಂಶದಲ್ಲೇ ಯಾರೂ ಮಾಡಿರಲಿಲ್ಲ. ಕೊನೆಗೆ ಚೀಲಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೈಮುಗಿದರು. ನಾನು ಅವರ ಎದೆಯ ಲಿಂಗದ ಹತ್ತಿರಕ್ಕೆ ಬಂದಿದ್ದೆ. “ಇಕೀನ ಕಳಿಸಾಕ ಬಂದೇನಿ, ತಂದೆ” ಎಂದರು.

ಇಳಿದು ಹೊರಗೆ ಬಂದ ಮೇಲೆ ಬೂಟು ಹಾಕಿಕೊಂಡರು. ಅಂಗಳದ ಅಂಚಿನಲ್ಲಿ ಒಂದು ಬೆಂಚು. ಅದರ ಕೆಳಗೆ ನನ್ನನ್ನು, ಕೋಟೆಗೆ ಮುಖ ಮಾಡಿ, ಜೋಡಿಸಿ ಇಟ್ಟರು. ಬಾರಿನ ಮೇಲೆ ಕೂತ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. “ಹೋಗಿ ಬಾ” ಎನ್ನಲು ಬಾಯಿ ತೆರೆದವರು ತಿದ್ದಿಕೊಂಡು “ಹೋಗ” ಎಂದರು. ಅವರ ಬೂಟು ಜಲ್ಲಿಯ ಮೇಲೆ ಜರಜರ ಸದ್ದು ಮಾಡುತ್ತ ದೂರವಾಯಿತು. ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಯಾರದೋ ಕೈ ನನ್ನನ್ನು ಎತ್ತಿತು. ಕೋಟೆಯ ಕಾವಲಿನ ಮುದುಕ, ಚನ್ನಮಲ್ಲಪ್ಪನವರದೇ ವಯಸ್ಸು. ಓಡುವ ಕಾಲಲ್ಲ ಅವನದು, ಆದರೂ ಓಡಿದ. ಹೊರಬಾಗಿಲಿನ ಹತ್ತಿರ ಇವರನ್ನು ಹಿಡಿದು, ಏದುಸಿರು ಬಿಡುತ್ತ, ನನ್ನನ್ನು ಎರಡೂ ಅಂಗೈಗಳ ಮೇಲಿಟ್ಟುಕೊಂಡು ಸೊಂಟದವರೆಗೆ ಬಾಗಿ ಮುಂದೆ ಚಾಚಿದ.

ಹಾಗೆ ಎರಡು ಕೈಯಲ್ಲಿ ಬಗ್ಗಿ ಕೊಟ್ಟದ್ದನ್ನು ಚನ್ನಮಲ್ಲಪ್ಪನವರು ಹುಟ್ಟಿದಾಗಿನಿಂದ ಹೇಗೆ ತೆಗೆದುಕೊಳ್ಳುತ್ತಿದ್ದರೋ ಹಾಗೆಯೇ ತೆಗೆದುಕೊಂಡರು. ಎರಡು ಕೈ ಚಾಚಿ ಪಡೆದು, ಪ್ರಸಾದವನ್ನು ಒತ್ತಿಕೊಳ್ಳುವಂತೆ ನನ್ನನ್ನು ಕಣ್ಣಿಗೆ ಒತ್ತಿಕೊಂಡರು. ಒತ್ತಿಕೊಂಡ ಮೇಲೆ ಅವರಿಗೆ ಗೊತ್ತಾಯಿತು, ಅದು ಹೆಂಡತಿಯ ಚಪ್ಪಲಿ ಎಂದು. ಆದರೆ ಕೈ ಕೆಳಗಿಳಿಯಲಿಲ್ಲ. ನನ್ನ ಚರ್ಮ ಒದ್ದೆಯಾಯಿತು. ಹರಳೆಣ್ಣೆಯಲ್ಲದ ಒದ್ದೆ.

“ಒಬ್ಬಾಕೀನ ಬಿಟ್ಟ ಹೊಂಟಿದ್ದೆನಲ್ಲ” ಎಂದರು ಆ ಮುದುಕನಿಗೆ. “ಬರತೇನಂದ್ಲೇನ್ರಿ?”

ಅವನಿಗೆ ಏನು ತಿಳಿಯಿತೋ, ತನ್ನ ಭಾಷೆಯಲ್ಲಿ ಹೌದೆನ್ನುವಂತೆ “ಹಾಯ್, ಹಾಯ್” ಎನ್ನುತ್ತ ಇನ್ನೊಮ್ಮೆ ಬಾಗಿದ. ಇವರೂ ಬಾಗಿದರು. ಇಬ್ಬರು ಮುದುಕರು ಒಬ್ಬರ ನಂತರ ಒಬ್ಬರು ಬಾಗುತ್ತ, ಯಾರು ಮೊದಲು ನಿಲ್ಲಿಸಬೇಕೆಂದು ತಿಳಿಯದೆ, ಕೊನೆಗೆ ನಕ್ಕುಬಿಟ್ಟರು. ಚನ್ನಮಲ್ಲಪ್ಪನವರು ಹಾಗೆ ನಕ್ಕದ್ದನ್ನು ಬಹಳ ದಿನಗಳ ಮೇಲೆ ಕೇಳಿದೆ.

ಮರಳುವ ರೈಲಿನಲ್ಲಿ ನನ್ನನ್ನು ಚೀಲಕ್ಕೆ ಹಾಕಲಿಲ್ಲ. ತಮ್ಮ ಬೂಟಿನ ಪಕ್ಕದಲ್ಲಿ ನೆಲದ ಮೇಲೆ ಇಟ್ಟರು. ಗುರುಪಾದಪ್ಪ ಕೊಟ್ಟ ಬಾಳೆಹಣ್ಣು ತಿಂದರು. ಮುಂದಿನ ನಿಲ್ದಾಣದಲ್ಲಿ ಪಕ್ಕದ ಸೀಟಿಗೆ ಬಂದು ಕೂತ ಹೆಂಗಸು, ನನ್ನನ್ನು ಕಂಡು ತನ್ನ ಪಾದಗಳನ್ನು ತುಸು ಸರಿಸಿ ಜಾಗ ಕೊಟ್ಟಳು.

ಊರಿಗೆ ಬಂದಾಗ ಶಶಿಕಲಾ ನನ್ನನ್ನು ನೋಡಿದಳು, ತಂದೆಯನ್ನು ನೋಡಿದಳು. ಅವರು ನನ್ನನ್ನು ಕಪಾಟಿಗೂ ಒಯ್ಯಲಿಲ್ಲ, ದೇವರ ಮನೆಯ ಬಳಿಗೂ ಒಯ್ಯಲಿಲ್ಲ. ಎಲ್ಲರ ಚಪ್ಪಲಿ ಇರುವ ಕಡೆ ಇಟ್ಟು, “ಹಾಕ್ಕೋವಾ. ದಿನಾ ಮೆಟ್ಟಿದ್ರ ಮೆತ್ತಗಾಗತಾವ” ಎಂದರು. ಅವಳು ಅಳುಕುತ್ತಲೇ ಕಾಲಿಟ್ಟಳು. ಹೆಬ್ಬೆರಳಿನ ಹತ್ತಿರ ಕಚ್ಚಿದೆ. “ಅವ್ವನಂಗ ಚಿವುಟತಾವಲ್ಲಪಾ ಇವು” ಎಂದು ಅತ್ತಳು, ನಕ್ಕಳು, ಹಾಗೆಯೇ ಸಂತೆಗೆ ಹೋದಳು.

ಈಗ ನನಗೆ ವಯಸ್ಸಾಗಿದೆ. ಅಟ್ಟೆ ಒಂದು ಕಡೆಗೆ ಸವೆದಿದೆ. ಶಶಿಕಲಾ ವಾಲಿಕೊಂಡು ನಡೆಯುವವಳು. ಸಂತೆಗೆ ಹೋಗಲು ಅವಳಿಗೆ ಬೇರೆ ಹೊಸ ಚಪ್ಪಲಿ ಬಂದಿವೆ. ಹಿತ್ತಲಿನ ಬಚ್ಚಲ ಪಕ್ಕ ನನ್ನ ಜಾಗ. ಗಿಡಗಳಿಗೆ ನೀರು ಹಾಕುವಾಗ ಸಿಕ್ಕವರು ನನ್ನನ್ನು ಮೆಟ್ಟುತ್ತಾರೆ. ಗೌರಕ್ಕನೂ ಒಮ್ಮೆ ಮರೆತು ಮೆಟ್ಟಿದಳು.

ಹೋದವರು ಮೆಟ್ಟಿಗಾಗಿ ತಿರುಗಿ ಬರುತ್ತಾರೋ ಇಲ್ಲವೋ ನಾನರಿಯೆ. ನೀಲಮ್ಮ ಬಂದದ್ದನ್ನು ನಾನಂತೂ ಕಾಣಲಿಲ್ಲ. ಅವರು ಅಂದೇ ಹಗುರಾಗಿ, ಬರಿಗಾಲಲ್ಲಿ, ಹೋಗಬೇಕಾದಲ್ಲಿಗೆ ಹೋಗಿರಬೇಕು. ನನ್ನ ಬಾರಿನಲ್ಲಿ ಸಿಕ್ಕಿಬಿದ್ದವರು ಹಿಂದೆ ಉಳಿದವರು. ಶಿವನು ಅವರನ್ನೂ ಬಿಡಿಸಿದ. ಒಂದೊಂದು ಹೆಜ್ಜೆಗೆ ನನ್ನನ್ನು ಒಂದಿಷ್ಟು ಸವೆಸಿ ಬಿಡಿಸಿದ.

ಮೊನ್ನೆ ಚನ್ನಮಲ್ಲಪ್ಪನವರು ನೀರಿನ ಕೊಡ ಹಿಡಿದು ಬಂದರು. ನಾನು ದಾರಿಗೆ ಅಡ್ಡವಾಗಿದ್ದೆ. “ಇವನ್ನ ಯಾರ ಇಲ್ಲಿ ಬಿಟ್ಟಾರ?” ಎಂದು ಗೊಣಗಿ, ಕಾಲಿನಿಂದ ನನ್ನನ್ನು ಬದಿಗೆ ಸರಿಸಿ, ಮಲ್ಲಿಗೆಯ ಬಳ್ಳಿಯ ಕಡೆಗೆ ನಡೆದರು.