ಬೇಲಿಗೆ ಕಟ್ಟದ ಬಟ್ಟೆ

ಹನಿಸಕಲ್ ಬಳ್ಳಿಯ ಬೇಲಿ. ಈಚೆ ತಮ್ಮನ ಸಸಿತೋಟ, ಆಚೆ ಅಕ್ಕನ ಏಳು ಜೇನುಪೆಟ್ಟಿಗೆ. ಬಿಳಿ, ಹಳದಿ ಹೂಗಳ ಬುಡದಲ್ಲಿ ಸಿಹಿ ತುಂಬಿದರೆ ಜೇನುಹುಳುಗಳಿಗೆ ಬೇರೆ ದಿಕ್ಕೇ ಕಾಣದು. ಹಾಗಾಗಿ ಔಷಧಿ ಹೊಡೆಯುವ ಮುನ್ನ ತಮ್ಮ ಬೇಲಿಗೆ ಕೆಂಪು ಬಟ್ಟೆ ಕಟ್ಟಬೇಕು, ಅದನ್ನು ಕಂಡು ಅಕ್ಕ ಪೆಟ್ಟಿಗೆಗಳ ಬಾಯಿ ಮುಚ್ಚಬೇಕು. ಹನ್ನೊಂದು ವರ್ಷ ತಪ್ಪದೆ ನಡೆದುಬಂದ ಏರ್ಪಾಡು.

ನಿನ್ನೆ ಸಂಜೆ ಅವನು ಔಷಧಿ ಹೊಡೆದ. ಬಟ್ಟೆ ಕಟ್ಟಲಿಲ್ಲ.

ಕಾರಣ ಕೇಳಿದರೆ ನಗು ಬರುತ್ತದೆ. ಮೂರು ವಾರದ ಹಿಂದೆ ಗಿರಾಕಿಗಳ ಎದುರು ಅಕ್ಕ, ಈ ಹೂವೆಲ್ಲ ನನ್ನ ಹುಳುಗಳ ಪುಣ್ಯ, ಇವನು ಬರೀ ನೀರು ಹಾಕುವವನು ಎಂದಿದ್ದಳು. ಎಲ್ಲರೂ ನಕ್ಕರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಈ ಮಹಾರಾಯ ಅಂದೇ ಮಾತು ಬಿಟ್ಟ. ಒಂದಿಷ್ಟು ಹುಳು ಸತ್ತರೆ ಬುದ್ಧಿ ಬರುತ್ತದೆ ಎಂದುಕೊಂಡೇ ಮಲಗಿದ.

ಬೆಳಗ್ಗೆ ಕೋಪ ಇಳಿದಿತ್ತು. ಬಿಸಿಲು ಆಗಲೇ ಅಕ್ಕನ ಗೋಡೆಯಿಂದ ಕೆಳಗಿಳಿಯುತ್ತಿತ್ತು. ಅದು ಪೆಟ್ಟಿಗೆಗಳಿಗೆ ತಾಗಿದರೆ ಹುಳುಗಳು ಹೊರಟೇಬಿಡುತ್ತವೆ. ಗಂಡ ತೀರಿಕೊಂಡ ಮೇಲೆ ಅವಳು ಬದುಕು ಕಟ್ಟಿಕೊಂಡದ್ದೇ ಆ ಏಳು ಪೆಟ್ಟಿಗೆಗಳಿಂದ. ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಬಟ್ಟೆ ಕಟ್ಟೋದು ಮರೆತುಹೋಯ್ತು ಎಂದು ಹೇಳುವುದನ್ನು ದಾರಿಯುದ್ದಕ್ಕೂ ಉರುಹೊಡೆದ.

"ಅಕ್ಕ, ಹೂವಿಗೆ ಔಷಧಿ ಹೊಡೆದಿದ್ದೀನಿ."

ಅವಳು ಗೋಣಿಚೀಲ ಹರಿದು, ನೀರಿನಲ್ಲಿ ಅದ್ದಿ, ಅರ್ಧ ಅವನ ಕೈಗೆ ಕೊಟ್ಟಳು. ಇಬ್ಬರೂ ಒಂದೊಂದೇ ಪೆಟ್ಟಿಗೆಯ ಬಾಯಿಗೆ ಒದ್ದೆ ಗೋಣಿ ತುರುಕುತ್ತ ಹೋದರು. ಅವನ ಕೈಗೆ ನಾಲ್ಕು ಕಡೆ ಹುಳು ಕಚ್ಚಿತು. ತಕ್ಕ ಶಾಸ್ತಿ ಅಂದುಕೊಂಡ.

ಆರು ಪೆಟ್ಟಿಗೆ ಉಳಿದವು. ಮೂಲೆಯ ಏಳನೆಯದಕ್ಕೆ ಬಿಸಿಲು ಮೊದಲೇ ತಾಗಿತ್ತು. ಅದರ ಹುಳುಗಳು ಹೂವಿನಿಂದ ಮರಳಿ ಬಂದು, ಬಾಗಿಲ ತನಕ ಏರಲಾರದೆ, ನೆಲದಲ್ಲಿ ಗಿರಗಿರನೆ ಸುತ್ತುತ್ತಿದ್ದವು.

ಅಕ್ಕ ಅಲ್ಲೇ ಕುಸಿದು ಕೂತಳು.

"ಬಟ್ಟೆ ಯಾಕೋ ಕಟ್ಟಲಿಲ್ಲ?"

ಉರುಹೊಡೆದ ಮಾತು ನಾಲಿಗೆಯ ತುದಿಗೆ ಬಂತು. ಕಾಲ ಬಳಿ ಒದ್ದಾಡುವ ಹುಳುಗಳನ್ನು ನೋಡುತ್ತ ಅದನ್ನು ಆಡುವುದು ಅವನಿಂದಾಗಲಿಲ್ಲ.

"ಬೇಕಂತಲೇ ಕಟ್ಟಲಿಲ್ಲ, ಅಕ್ಕ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮರೆತೆ ಅಂದಿದ್ರೆ ನಂಬ್ತಿದ್ದೆ ಕಣೋ," ಅಂದಳು.